ಟಿಕೆಟ್‌ಗಿಂತ ಮುಂಚೆ ಅಂತಿಯೋಕ್ಯ

ಯೌವನಸ್ಥರ ಕೂಟದ ಅಧ್ಯಯನ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 13:1-13, ಲೂಕ 14:28-30, ಮಾರ್ಕ 7:9-13

ಎಲ್ಲರೂ ಒಂದು ಸಾರಿ ಹಲ್ಲೆಲೂಯಾ ಅನ್ನಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಈಗ ತಾನೇ ಬಂದವರೂ ಅನ್ನಿ. ಕರ್ತನಿಗೆ ಸ್ತೋತ್ರ.

ನಿಮಗೆಲ್ಲಾ ಗೊತ್ತಿರುವ ಹಾಗೆ, ದೇವರ ಚಿತ್ತವಾದರೆ ಬರುವ ತಿಂಗಳು ನಾನು, ನನ್ನ ಹೆಂಡತಿ ಜಪಾನ್‌ಗೆ ಹೊರಡುತ್ತಿದ್ದೇವೆ. ಹತ್ತು ದಿನದ ಮಿಷನ್ ಟ್ರಿಪ್ ಅಲ್ಲ. ಅಲ್ಲೇ ಮನೆ ಮಾಡಿ, ಅಲ್ಲಿನ ಒಂದು ಚಿಕ್ಕ ಸಭೆಯ ಜೊತೆ ಸೇರಿ ಸೇವೆ ಮಾಡುವುದಕ್ಕೆ. ಪಾಸ್ಟರ್ ನನ್ನನ್ನು ಕರೆದು, "ಹೋಗುವ ಮುಂಚೆ ಯೌವನಸ್ಥರಿಗೆ ಒಂದು ಪಾಠ ಮಾಡು" ಅಂದರು. ನಾನು ಖುಷಿಯಾಗಿ, "ಸರಿ ಅಯ್ಯ, ದೇವರ ಕರೆಯ ಬಗ್ಗೆ ಮಾತಾಡ್ತೀನಿ" ಅಂದೆ. ಅವರು ನಕ್ಕು, "ಕರೆ ಬಗ್ಗೆ ಅವರು ತುಂಬಾ ಕೇಳಿದ್ದಾರೆ. ನೀನು ಮೊದಲನೇ ಸಲ ಹೋಗಿ ವಾಪಸ್ ಬಂದೆಯಲ್ಲ, ಅದನ್ನ ಹೇಳು" ಅಂದರು.

ಹಾಗಾಗಿ ಇವತ್ತು ನನ್ನ ಜಯದ ಸಾಕ್ಷಿಯಲ್ಲ. ನನ್ನ ಸೋಲಿನ ಸಾಕ್ಷಿ.

ಎಂಟು ತಿಂಗಳ ಮಿಷನರಿ

ನನಗೆ ಆಗ ಇಪ್ಪತ್ತೈದು ವರ್ಷ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಒಂದು ಉಪವಾಸ ಕೂಟದ ರಾತ್ರಿ, ಜಪಾನ್ ದೇಶಕ್ಕಾಗಿ ಪ್ರಾರ್ಥನೆ ನಡೆಯುತ್ತಿತ್ತು. ಅಲ್ಲಿ ನೂರು ಜನರನ್ನು ನಿಲ್ಲಿಸಿದರೆ ಕ್ರೈಸ್ತರು ಸುಮಾರು ಒಬ್ಬರು ಸಿಗಬಹುದು ಅಂತ ಹೇಳಿದರು. ನನ್ನ ಹೃದಯ ಉರಿಯಿತು. ಅಳುತ್ತಾ ಕೈ ಎತ್ತಿದೆ. ಆ ರಾತ್ರಿ ನನ್ನನ್ನು ಮುಟ್ಟಿದ್ದು ಪವಿತ್ರಾತ್ಮನೇ ಅಂತ ನಾನು ಇವತ್ತಿಗೂ ನಂಬುತ್ತೇನೆ. ಆ ಕರೆ ಸುಳ್ಳಲ್ಲ.

ಆದರೆ ಆಮೇಲೆ ಮಾಡಿದ್ದೆಲ್ಲಾ ನನ್ನದೇ ಕೆಲಸ. ನಾಲ್ಕು ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ಪರ್ಸನಲ್ ಲೋನ್ ತೆಗೆದೆ. ಭಾಷಾ ಶಾಲೆಯೊಂದಕ್ಕೆ ಫೀಸ್ ಕಟ್ಟಿ ವಿದ್ಯಾರ್ಥಿ ವೀಸಾದಲ್ಲಿ ಹೊರಟೆ. ಪಾಸ್ಟರ್‌ಗೆ ಟಿಕೆಟ್ ಬುಕ್ ಆದ ಮೇಲೆ ಹೇಳಿದೆ. ಅಪ್ಪ ಅಮ್ಮನಿಗೆ ಹೊರಡುವ ಮೂರು ವಾರದ ಮುಂಚೆ. ಅವರು, "ಯಾಕೋ, ಇಷ್ಟು ಅವಸರ?" ಅಂತ ಕೇಳಿದರೆ, "ದೇವರು ಹೇಳಿದ್ದಾರೆ" ಅಂದುಬಿಟ್ಟೆ. ಆ ಮಾತು ಹೇಳಿದ ಮೇಲೆ ಯಾರು ತಾನೇ ಎದುರು ಮಾತಾಡ್ತಾರೆ?

ಅಲ್ಲಿ ಏನಾಯಿತು ಗೊತ್ತಾ? ಇಲ್ಲಿನ ಇಎಂಐ ಕಟ್ಟಬೇಕಲ್ಲ. ವಿದ್ಯಾರ್ಥಿಗಳು ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ಕೆಲಸ ಮಾಡಬಹುದು. ಊಟದ ಡಬ್ಬಿ ಪ್ಯಾಕ್ ಮಾಡುವ ಕಡೆ ರಾತ್ರಿ ಕೆಲಸಕ್ಕೆ ಸೇರಿದೆ. ಬೆಳಗ್ಗೆ ಕ್ಲಾಸಿನಲ್ಲಿ ನಿದ್ದೆ. ಭಾನುವಾರ ಆರಾಧನೆಗೆ ಹೋಗಲು ಆಗದಷ್ಟು ಸುಸ್ತು. ಸುವಾರ್ತೆ ಸಾರಲು ಹೋದವನು ಸತ್ಯವೇದ ತೆರೆಯದೆ ವಾರಗಟ್ಟಲೆ ಕಳೆದೆ. ಆದರೆ ಇಲ್ಲಿನ ವಾಟ್ಸ್ಆ್ಯಪ್ ಗ್ರೂಪಿಗೆ ಮಾತ್ರ, "ದೇವರು ಅದ್ಭುತವಾಗಿ ನಡೆಸುತ್ತಿದ್ದಾರೆ, ಪ್ರಾರ್ಥಿಸಿರಿ" ಅಂತ ಫೋಟೋ ಕಳಿಸುತ್ತಿದ್ದೆ. ಅದು ಸುಳ್ಳು. ಇವತ್ತು ನಿಮ್ಮ ಮುಂದೆ ಅದನ್ನು ಸುಳ್ಳು ಅಂತಲೇ ಹೇಳ್ತೀನಿ.

ಎಂಟನೇ ತಿಂಗಳು ಅಪ್ಪನಿಗೆ ಸ್ಟ್ರೋಕ್ ಆಯಿತು. ಅಕ್ಕ ನನಗೆ ಹೇಳಿದ್ದು ಹತ್ತು ದಿನ ಆದ ಮೇಲೆ. "ಹೇಳಿದ್ರೆ ನೀನು ಬರೋಕಾಗ್ತಿತ್ತಾ? ಟಿಕೆಟ್‌ಗೆ ದುಡ್ಡಿತ್ತಾ?" ಅಂತ ಕೇಳಿದಳು. ಇರಲಿಲ್ಲ. ಅವಳೇ ಟಿಕೆಟ್ ಮಾಡಿಸಿದಳು. ನಾನು ವಾಪಸ್ ಬಂದೆ. ಅಪ್ಪ ಅದಾದ ಮೇಲೆ ಹನ್ನೊಂದು ತಿಂಗಳು ಇದ್ದರು. ಆ ಹನ್ನೊಂದು ತಿಂಗಳು ದೇವರು ನನಗೆ ಕೊಟ್ಟ ಕೃಪೆ. ಅವರ ಮಾತು ಹೋಗಿತ್ತು. ಒಂದು ದಿನ ಕಣ್ಣೀರು ಹಾಕುತ್ತಾ ಅವರ ಪಾದ ಹಿಡಿದು ಕ್ಷಮೆ ಕೇಳಿದೆ. ಬಲಗೈ ಬರುತ್ತಿರಲಿಲ್ಲ, ಎಡಗೈಯನ್ನು ನನ್ನ ತಲೆ ಮೇಲೆ ಇಟ್ಟರು.

ಮೊದಲನೆಯದು: ಕರೆಗೂ ಕಳುಹಿಸುವಿಕೆಗೂ ನಡುವೆ ಒಂದು ಸಭೆ ಇದೆ

ಈಗ ವಾಕ್ಯಕ್ಕೆ ಬನ್ನಿ. ಅಪೊಸ್ತಲರ ಕೃತ್ಯಗಳು 13. ಅಂತಿಯೋಕ್ಯದ ಸಭೆಯಲ್ಲಿ ಐದು ಜನ ಪ್ರವಾದಿಗಳೂ ಬೋಧಕರೂ ಇದ್ದಾರೆ. ಕುಪ್ರದ್ವೀಪದ ಬಾರ್ನಬ. ನೀಗರ ಅಂತ ಕರೆಯಿಸಿಕೊಂಡ ಸಿಮೆಯೋನ. ಕುರೇನ್ಯದ ಲೂಕ್ಯ, ಅಂದರೆ ಆಫ್ರಿಕಾದ ಉತ್ತರ ಕರಾವಳಿಯವನು. ಹೆರೋದನ ಜೊತೆ ಬೆಳೆದ ಮೆನಹೇನ. ಕೊನೆಯಲ್ಲಿ ಸೌಲ. ಒಂದೇ ಸಭೆಯಲ್ಲಿ ಎಷ್ಟು ಊರಿನವರು ನೋಡಿ. ನಮ್ಮ ಬೆಂಗಳೂರಿನ ಸಭೆ ಇದ್ದ ಹಾಗೇ ಇದೆ, ಅಲ್ವಾ?

ಅವರು ಕರ್ತನನ್ನು ಸೇವಿಸುತ್ತಾ ಉಪವಾಸದಲ್ಲಿದ್ದಾಗ ಪವಿತ್ರಾತ್ಮನು ಮಾತಾಡಿದನು. ಏನಂತ? ಬಾರ್ನಬನನ್ನೂ ಸೌಲನನ್ನೂ ನಾನು ಕರೆದ ಕೆಲಸಕ್ಕಾಗಿ ಬೇರ್ಪಡಿಸಿರಿ ಅನ್ನುವ ಅರ್ಥದಲ್ಲಿ. ಗಮನಿಸಿ. ಕರೆದದ್ದು ಆಗಲೇ ಆಗಿಹೋಗಿದೆ. ಸೌಲನಿಗೆ ದಮಸ್ಕದ ದಾರಿಯಲ್ಲೇ ಕರೆ ಬಂದಿತ್ತು. ಆಮೇಲೆ ಅರಬಸ್ಥಾನ, ದಮಸ್ಕ, ಯೆರೂಸಲೇಮ್, ತಾರ್ಸ. ಬಾರ್ನಬ ಹುಡುಕಿಕೊಂಡು ಹೋಗಿ ಕರೆತಂದ ಮೇಲೆ ಅಂತಿಯೋಕ್ಯದಲ್ಲಿ ಒಂದು ವರ್ಷ ಪೂರ್ತಿ ಬೋಧನೆ. ದಮಸ್ಕದಿಂದ ಈ 13ನೇ ಅಧ್ಯಾಯಕ್ಕೆ ಹತ್ತಕ್ಕಿಂತ ಹೆಚ್ಚು ವರ್ಷ ಆಗಿತ್ತು ಅಂತ ಹೆಚ್ಚಿನ ಬೋಧಕರು ಲೆಕ್ಕ ಹಾಕುತ್ತಾರೆ. ಅಷ್ಟು ವರ್ಷ ದೇವರು ಅವನನ್ನು ಮರೆತಿರಲಿಲ್ಲ, ತಯಾರು ಮಾಡುತ್ತಿದ್ದರು.

ಇನ್ನೊಂದು ವಿಷಯ. ಪವಿತ್ರಾತ್ಮನು ಸೌಲನಿಗೆ ಮಾತ್ರ ಕಿವಿಯಲ್ಲಿ ಹೇಳಲಿಲ್ಲ. ಒಟ್ಟಾಗಿ ಉಪವಾಸದಲ್ಲಿದ್ದವರಿಗೆ ಹೇಳಿದನು. ಅವರು ಮತ್ತೆ ಉಪವಾಸವಿದ್ದು ಪ್ರಾರ್ಥಿಸಿ, ಹಸ್ತವಿಟ್ಟು ಕಳುಹಿಸಿದರು. ಅದೇ ಸಭೆಗೆ ಅವರು ವಾಪಸ್ ಬಂದು, ದೇವರು ಮಾಡಿದ್ದನ್ನೆಲ್ಲಾ ವರದಿ ಕೊಟ್ಟರು. ಅಪೊಸ್ತಲರ ಕೃತ್ಯಗಳು 14ರ ಕೊನೆಯಲ್ಲಿ ಓದಿ.

ನನಗೆ ಕರೆ ಇತ್ತು, ಅಂತಿಯೋಕ್ಯ ಇರಲಿಲ್ಲ. ಅಂತಿಯೋಕ್ಯ ನನ್ನ ಪಕ್ಕದಲ್ಲೇ ಇತ್ತು, ನಾನು ಅವರನ್ನು ಕೇಳಲೇ ಇಲ್ಲ. ಕೇಳಿದರೆ "ಇನ್ನೂ ಸ್ವಲ್ಪ ಕಾಯಿ" ಅಂತಾರೇನೋ ಅಂತ ಭಯ. ಪ್ರಿಯರೇ, ನಿಮ್ಮ ಕರೆ ದೇವರಿಂದ ಬಂದದ್ದಾದರೆ ಹಿರಿಯರ ಪರೀಕ್ಷೆಗೆ ಅದು ಹೆದರುವುದಿಲ್ಲ. ಹೆದರುತ್ತಿದೆ ಅಂದರೆ, ಅದರೊಳಗೆ ನಿಮ್ಮ ಆತುರವೂ ಸ್ವಲ್ಪ ಸೇರಿದೆ.

ಎರಡನೆಯದು: ಕಲಿಯುವುದು ಅವಿಶ್ವಾಸವಲ್ಲ

ನಮ್ಮ ಪೆಂತೆಕೊಸ್ತ್ ಜನರಿಗೆ ಒಂದು ಪ್ರಶ್ನೆ ಬರುತ್ತೆ. ಆತ್ಮನ ಅಭಿಷೇಕ ಇದ್ದರೆ ಸಾಕಲ್ವಾ, ಭಾಷೆ ಕಲಿಯುವುದು, ತರಬೇತಿ, ಇದೆಲ್ಲಾ ಯಾಕೆ?

ನಮ್ಮ ಚರಿತ್ರೆಯಿಂದಲೇ ಒಂದು ಘಟನೆ ಹೇಳ್ತೀನಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಲ್ಲಿ ಉಜ್ಜೀವನ ಬಂತು. ಅಲ್ಲಿ ಅಭಿಷೇಕ ಹೊಂದಿದ ಆಲ್ಫ್ರೆಡ್ ಗಾರ್ ಮತ್ತು ಲಿಲಿಯನ್ ಗಾರ್ ಅನ್ನುವ ದಂಪತಿ ಭಾರತಕ್ಕೆ ಹೊರಟರು. ದೇವರು ತಮಗೆ ಬಂಗಾಳಿ ಭಾಷೆಯನ್ನೇ ಅನ್ಯಭಾಷೆಯಾಗಿ ಕೊಟ್ಟಿದ್ದಾರೆ ಅಂತ ಆ ಸಹೋದರ ನಂಬಿದ್ದರು. ಕಲ್ಕತ್ತಾಗೆ ಬಂದು ನೋಡಿದರೆ ಹಾಗೆ ಆಗಿರಲಿಲ್ಲ. ಅವರ ಮಾತು ಜನರಿಗೆ ಅರ್ಥ ಆಗಲಿಲ್ಲ. ಈ ಜಾಗದಲ್ಲಿ ನಾವಾಗಿದ್ದರೆ ಎರಡರಲ್ಲಿ ಒಂದು ಮಾಡುತ್ತಿದ್ದೆವು. ಒಂದೋ ಸುಳ್ಳು ಸಾಕ್ಷಿ, ಇಲ್ಲವೇ ವಿಶ್ವಾಸವನ್ನೇ ಬಿಡುವುದು. ಅವರು ಎರಡೂ ಮಾಡಲಿಲ್ಲ. ಆತ್ಮನ ವರವನ್ನು ಬಿಡಲಿಲ್ಲ, ಸೇವೆಯನ್ನೂ ಬಿಡಲಿಲ್ಲ. ಅನ್ಯಭಾಷೆ ದೇವರನ್ನು ಆರಾಧಿಸಲು, ಆತ್ಮದಲ್ಲಿ ಬಲಗೊಳ್ಳಲು ಕೊಡಲ್ಪಟ್ಟದ್ದು ಅಂತ ಅರ್ಥ ಮಾಡಿಕೊಂಡರು. ಮುಂದೆ ಹಾಂಗ್‌ಕಾಂಗ್‌ಗೆ ಹೋಗಿ ಚೀನೀ ಭಾಷೆ ಕಲಿಯಲು ಕುಳಿತರು. ಕುಳಿತು ಕಲಿಯುವುದಕ್ಕೂ ಅಭಿಷೇಕ ಬೇಕು. ಎಷ್ಟು ಜನ ಆಮೆನ್ ಹೇಳ್ತೀರಿ?

ಭಾಷೆ ತಪ್ಪಿದರೆ ಏನಾಗುತ್ತೆ ಅನ್ನುವುದಕ್ಕೆ ಜಪಾನ್‌ನಲ್ಲೇ ಉದಾಹರಣೆ ಇದೆ. 1549ರ ಆಗಸ್ಟ್ 15ರಂದು ಫ್ರಾನ್ಸಿಸ್ ಝೇವಿಯರ್ ಕಾಗೋಷಿಮಾದಲ್ಲಿ ಇಳಿದರು. ಅವರು ಹೋದದ್ದು ನಮ್ಮ ಪಕ್ಕದ ಗೋವಾದಿಂದಲೇ. ಅವರು ಕ್ಯಾಥೋಲಿಕ್, ನಾವು ಪೆಂತೆಕೊಸ್ತ್, ಆದರೆ ಕಲಿಯಬೇಕಾದ್ದನ್ನು ಕಲಿಯೋಣ. ದೇವರು ಅನ್ನುವುದಕ್ಕೆ ಅವರು ಮೊದಲು "ದೈನಿಚಿ" ಅನ್ನುವ ಪದ ಬಳಸಿದರು. ಅದು ಅಲ್ಲಿನ ಬೌದ್ಧರು ಪೂಜಿಸುವ ಒಬ್ಬ ಬುದ್ಧನ ಹೆಸರು. ಜನ ಸಂತೋಷದಿಂದ ತಲೆ ಆಡಿಸಿದರು. ಬೌದ್ಧಧರ್ಮ ಹುಟ್ಟಿದ ಭಾರತದಿಂದ ಯಾರೋ ಬಂದು ನಮ್ಮ ಧರ್ಮವನ್ನೇ ಹೇಳುತ್ತಿದ್ದಾರೆ ಅಂದುಕೊಂಡರು! ತಪ್ಪು ಗೊತ್ತಾದ ಮೇಲೆ ಝೇವಿಯರ್ ಆ ಪದವನ್ನು ಕೈಬಿಟ್ಟರು.

ನಗಬೇಡಿ. ನಾನೂ ಅದೇ ಮಾಡಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರಿಗೆ ನನ್ನ ಮುರುಕು ಜಪಾನೀಸ್‌ನಲ್ಲಿ ಯೇಸುವಿನ ಬಗ್ಗೆ ಹೇಳಿದೆ. ಅವರು ಒಂದೊಂದು ಮಾತಿಗೂ "ಹಾಯ್, ಹಾಯ್" ಅನ್ನುತ್ತಿದ್ದರು. "ಹಾಯ್" ಅಂದರೆ "ಹೌದು" ಅಂತ ಕಲಿತಿದ್ದೆ. ಒಂದು ಆತ್ಮ ರಕ್ಷಣೆ ಹೊಂದಿತು ಅಂತ ಗ್ರೂಪಿಗೆ ಮೆಸೇಜ್ ಹಾಕಿದೆ. ಆಮೇಲೆ ಗೊತ್ತಾಯಿತು, ಆ "ಹಾಯ್" ಅಂದರೆ "ಕೇಳಿಸಿಕೊಳ್ತಿದ್ದೀನಿ, ಹೇಳಿ" ಅಂತಲೂ ಆಗುತ್ತೆ. ಪಾಪ, ಅವರು ಮರ್ಯಾದೆ ಕೊಟ್ಟು ಕೇಳಿಸಿಕೊಂಡಿದ್ದರು, ಅಷ್ಟೇ.

ವಾಪಸ್ ಬಂದ ಮೇಲೆ ಬೆಂಗಳೂರಿನಲ್ಲೇ ಜಪಾನೀಸ್ ಕಲಿತೆ. ಆಫೀಸ್ ಮುಗಿಸಿ, ವಾರಕ್ಕೆ ಮೂರು ದಿನ. ಆ ಭಾಷೆಯ ಪರೀಕ್ಷೆಗೆ ಐದು ಹಂತ, ಎನ್5ರಿಂದ ಎನ್1ವರೆಗೆ. ಎನ್3ರಲ್ಲಿ ಒಂದು ಸಲ ಫೇಲ್ ಆದೆ. ಕಲಿಯುತ್ತಾ ಹೋದಾಗ ಒಂದು ಸಂತೋಷ ಸಿಕ್ಕಿತು. ಅವರ ವಾಕ್ಯ ಕಟ್ಟುವ ರೀತಿ ಕನ್ನಡದ ಹಾಗೇ ಇದೆ. "ನಾನು ಅನ್ನವನ್ನು ತಿನ್ನುತ್ತೇನೆ" ಅಂತ ನಾವು ಹೇಳಿದರೆ, ಅವರು "ವಾತಾಷಿ ವಾ ಗೋಹಾನ್ ಓ ತಾಬೆಮಾಸು" ಅಂತಾರೆ. ಕ್ರಿಯಾಪದ ಕೊನೆಗೆ, "ಅನ್ನು" ಪ್ರತ್ಯಯದ ಜಾಗದಲ್ಲಿ "ಓ". ಇಂಗ್ಲಿಷ್‌ನಿಂದ ಕಲಿಯಲು ಹೋಗಿ ಒದ್ದಾಡುತ್ತಿದ್ದೆ, ಕನ್ನಡದಿಂದ ಕಲಿತಾಗ ದಾರಿ ತೆರೆಯಿತು. ನಾನು ಕೀಳು ಅಂದುಕೊಂಡಿದ್ದ ಮನೆಮಾತನ್ನು ದೇವರು ಅಷ್ಟು ದೂರದ ಜನರಿಗಾಗಿ ಆಗಲೇ ನನ್ನ ಬಾಯಲ್ಲಿ ಇಟ್ಟಿದ್ದರು. ಸ್ತೋತ್ರ!

ಮೂರನೆಯದು: ಖರ್ಚು ಲೆಕ್ಕ ಹಾಕುವುದು ಯೇಸು ಕಲಿಸಿದ್ದು

ಲೂಕ 14ರಲ್ಲಿ ಗೋಪುರ ಕಟ್ಟುವವನ ಸಾಮ್ಯ ಇದೆ. ಅವನು ಮೊದಲು ಕೂತು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಅಸ್ತಿವಾರ ಹಾಕಿ ಅರ್ಧಕ್ಕೆ ಬಿಡುತ್ತಾನೆ, ನೋಡಿದವರು ನಗುತ್ತಾರೆ. ನೆಹೆಮೀಯನೂ ನೋಡಿ. ಕಿಸ್ಲೇವ್ ಮಾಸದಲ್ಲಿ ಯೆರೂಸಲೇಮಿನ ಸುದ್ದಿ ಕೇಳಿ ಅತ್ತು ಉಪವಾಸ ಮಾಡಿದನು. ರಾಜನ ಮುಂದೆ ಬಾಯಿ ಬಿಟ್ಟದ್ದು ನೈಸಾನ್ ಮಾಸದಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ರಾಜನು "ಏನು ಬೇಕು?" ಅಂದಾಗ ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು. ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರಿಂದ ಬೇಕು, ಎಲ್ಲಾ ಹೇಳಿದನು. ಆ ನಾಲ್ಕು ತಿಂಗಳು ಅವನು ಪ್ರಾರ್ಥಿಸಿಯೂ ಇದ್ದನು, ಲೆಕ್ಕವನ್ನೂ ಹಾಕಿದ್ದನು. ಎರಡೂ ಒಂದೇ ವಿಶ್ವಾಸದಿಂದ ಬಂದವು.

ಹಾಗಾದರೆ ನಾವು ಯಾವುದರ ಲೆಕ್ಕ ಹಾಕಬೇಕು?

ಸಾಲ. ನನ್ನ ಲೋನ್, ಕ್ರೆಡಿಟ್ ಕಾರ್ಡ್ ಎಲ್ಲಾ ತೀರಲು ಮೂರು ವರ್ಷ ಬೇಕಾಯಿತು. ಸಾಲ ಇಟ್ಟುಕೊಂಡು ಹೊರಟರೆ ಅಲ್ಲಿ ಯೇಸುವಿಗೂ ದುಡಿಯುತ್ತೀರಿ, ಬ್ಯಾಂಕಿಗೂ ದುಡಿಯುತ್ತೀರಿ. ರಾತ್ರಿ ಪಾಳಿ ಯಾರದ್ದಾಗುತ್ತೆ ಅಂತ ನನಗೆ ಗೊತ್ತು.

ಕಾಗದಪತ್ರ. ಜಪಾನ್‌ನಲ್ಲಿ ಧಾರ್ಮಿಕ ಸೇವೆಗೇ ಪ್ರತ್ಯೇಕ ವೀಸಾ ಇದೆ, ಅದಕ್ಕೆ ಇಲ್ಲಿಂದ ಕಳುಹಿಸುವ ಧಾರ್ಮಿಕ ಸಂಸ್ಥೆ ಬೇಕು. ತಡ ಆದರೂ ನಿಜವಾದ ಬಾಗಿಲಿನಿಂದ ಹೋಗಿ. ಟೂರಿಸ್ಟ್ ಅಂತ ಬರೆದುಕೊಟ್ಟು ಬೇರೆ ಕೆಲಸ ಮಾಡುವುದು ವಿಶ್ವಾಸವಲ್ಲ. ಸತ್ಯವನ್ನು ಸಾರುವವರು ಫಾರ್ಮ್‌ನಲ್ಲೂ ಸತ್ಯ ಬರೆಯಬೇಕು.

ಹಗ್ಗ ಹಿಡಿಯುವವರು. ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಅವರು ಗಣಿಗೆ ಇಳಿಯುವವರ ಹಾಗೆ, ಮೇಲೆ ಹಗ್ಗ ಹಿಡಿಯುವವರು ನಾವು ಅಂತ ಆ್ಯಂಡ್ರೂ ಫುಲ್ಲರ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ನಿಂತರು. ಕೃಷ್ಣ ಪಾಲ್ ದೀಕ್ಷಾಸ್ನಾನ ತೆಗೆದುಕೊಂಡದ್ದು 1800ರ ಡಿಸೆಂಬರ್ ಕೊನೆಗೆ. ಏಳು ವರ್ಷ! ಅಷ್ಟು ವರ್ಷ ಒಂದು ಫಲದ ಫೋಟೋ ಇಲ್ಲದೆ ಹಗ್ಗ ಹಿಡಿಯುವ ಜನ ನಿಮಗೆ ಇದ್ದಾರಾ? ಅವರಿಗೆ ನೀವು ನಿಜ ಹೇಳುತ್ತೀರಾ? ಈ ಸಲ ನಮಗಾಗಿ ಒಂಬತ್ತು ಕುಟುಂಬಗಳು ಪ್ರತಿ ತಿಂಗಳು ಕೊಡಲು, ಪ್ರತಿ ಶುಕ್ರವಾರ ಪ್ರಾರ್ಥಿಸಲು ಒಪ್ಪಿಕೊಂಡಿದ್ದಾರೆ. ನಾವು ಅವರಿಗೆ ಒಂದೇ ಮಾತು ಕೊಟ್ಟಿದ್ದೇವೆ: ಕೆಟ್ಟ ತಿಂಗಳನ್ನು ಕೆಟ್ಟ ತಿಂಗಳು ಅಂತಲೇ ಬರೆಯುತ್ತೇವೆ.

ನಾಲ್ಕನೆಯದು: ಕೊರ್ಬಾನ್ ಅನ್ನಬೇಡಿ

ಇದು ನನಗೆ ಹೇಳಲು ಕಷ್ಟವಾದ ಭಾಗ. ಮಾರ್ಕ 7ರಲ್ಲಿ ಯೇಸು ಫರಿಸಾಯರನ್ನು ಗದರಿಸುತ್ತಾನೆ. ಒಬ್ಬ ಮಗ ತಂದೆತಾಯಿಗೆ ಕೊಡಬೇಕಾದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮುಡಿಪು ಅಂದುಬಿಟ್ಟರೆ, ಆಮೇಲೆ ಅವನು ಅವರಿಗೆ ಏನೂ ಮಾಡದಂತೆ ಬಿಟ್ಟುಬಿಡುತ್ತಿದ್ದರು. ಇದರಿಂದ ದೇವರ ಆಜ್ಞೆಯನ್ನೇ ನಿರರ್ಥಕ ಮಾಡುತ್ತೀರಿ ಅಂತ ಯೇಸು ಹೇಳಿದನು. ಮೊದಲನೇ ಸಲ ನಾನು "ದೇವರು ಹೇಳಿದ್ದಾರೆ" ಅಂದದ್ದು ನನ್ನ ಕೊರ್ಬಾನ್.

ಹಾಗಂತ ಮನೆಯವರು ಒಪ್ಪದಿದ್ದರೆ ಸೇವೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಂದೆತಾಯಿಗಿಂತ ಹೆಚ್ಚಾಗಿ ತನ್ನನ್ನು ಪ್ರೀತಿಸಬೇಕು ಅಂತ ಹೇಳಿದವನೂ ಅದೇ ಯೇಸು. ಆದರೆ ಅವನು ಏನು ಮಾಡಿದನು ನೋಡಿ. ಲೋಕದ ಪಾಪವನ್ನು ಹೊತ್ತು ಶಿಲುಬೆಯ ಮೇಲೆ ಇರುವಾಗಲೂ ತಾಯಿಯನ್ನು ಯೋಹಾನನಿಗೆ ಒಪ್ಪಿಸಿದನು. ಅದಕ್ಕಿಂತ ದೊಡ್ಡ ಮಿಷನ್ ಯಾವುದಿದೆ? ಆ ಮಿಷನ್ ಮಧ್ಯೆಯೂ ಅಮ್ಮನ ವ್ಯವಸ್ಥೆ ಮಾಡಿದನು.

ಈ ಸಲ ಒಂದೂವರೆ ವರ್ಷದ ಮುಂಚೆ ಅಮ್ಮನ ಹತ್ತಿರ ಹೋಗಿ ಕೂತೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ಅಮ್ಮ, ಮತ್ತೆ ಹೋಗಬೇಕು ಅಂತ ಅನ್ನಿಸ್ತಿದೆ. ನೀನು ಏನಂತೀಯ?" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋದ ಸಲ ಹೇಳಿ ಹೋದೆ. ಈ ಸಲ ಕೇಳ್ತಿದ್ದೀಯ" ಅಂದರು. ಅವತ್ತು ಒಪ್ಪಲಿಲ್ಲ. ಆರು ತಿಂಗಳು ಒಪ್ಪಲಿಲ್ಲ. ನಾವೂ ಬಲವಂತ ಮಾಡಲಿಲ್ಲ. ಅಕ್ಕ ಭಾವನ ಜೊತೆ ಕೂತು ಅಮ್ಮ ಎಲ್ಲಿ ಇರಬೇಕು, ಔಷಧಿ ಖರ್ಚು ಯಾರದ್ದು, ಇನ್ಶೂರೆನ್ಸ್ ಏನು, ತುರ್ತಾಗಿ ಬರಬೇಕಾದರೆ ಟಿಕೆಟ್ ಹಣ ಎಲ್ಲಿ ಇಟ್ಟಿರಬೇಕು, ಎಲ್ಲಾ ಬರೆದೆವು. ಆ ಟಿಕೆಟ್ ಹಣ ಈಗ ಅಕ್ಕನ ಅಕೌಂಟ್‌ನಲ್ಲಿದೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮ ಪಾಸ್ಟರ್ ಹತ್ತಿರ ಹೋಗಿ, "ಅಯ್ಯ, ಹಸ್ತ ಇಡುವಾಗ ನಾನೂ ಇಡಬಹುದಾ?" ಅಂತ ಕೇಳಿದರಂತೆ. ಮುಂದಿನ ವಾರ ನೀವೆಲ್ಲಾ ಅದನ್ನು ನೋಡ್ತೀರಿ.

ಐದನೆಯದು: ವಾಪಸ್ ಬಂದವರಿಗೂ ಕರ್ತನ ಹತ್ತಿರ ಕೆಲಸ ಇದೆ

13ನೇ ವಚನದಲ್ಲಿ ಯೋಹಾನನೆಂಬ ಮಾರ್ಕ ಪೆರ್ಗೆಯಿಂದ ಅವರನ್ನು ಬಿಟ್ಟು ಯೆರೂಸಲೇಮಿಗೆ ಹೋದನು. ಯಾಕೆ ಅಂತ ಲೂಕನು ಬರೆದಿಲ್ಲ. ಮುಂದೆ ಅವನ ವಿಷಯಕ್ಕೇ ಪೌಲ ಬಾರ್ನಬರು ಬೇರೆಯಾದರು. ಆದರೆ ಪೌಲನು ತನ್ನ ಕೊನೆಯ ದಿನಗಳಲ್ಲಿ ತಿಮೊಥೆಗೆ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ಉಪಯುಕ್ತ ಅನ್ನುವ ಅರ್ಥದಲ್ಲಿ ಬರೆದನು. ನಡುವೆ ಬಾರ್ನಬ ಅವನನ್ನು ಕೈಬಿಡದೆ ಜೊತೆಗೆ ಕರೆದುಕೊಂಡು ಹೋಗಿದ್ದನು.

ಜೇಮ್ಸ್ ಹೆಪ್ಬರ್ನ್ ಅನ್ನುವ ಅಮೆರಿಕದ ವೈದ್ಯರು 1841ರಲ್ಲಿ ಏಷ್ಯಾಕ್ಕೆ ಮಿಷನರಿಯಾಗಿ ಬಂದರು. ಆರೋಗ್ಯ ಕೆಟ್ಟು ಕೆಲವೇ ವರ್ಷಗಳಲ್ಲಿ ವಾಪಸ್ ಹೋದರು. ನ್ಯೂಯಾರ್ಕ್‌ನಲ್ಲಿ ಹದಿಮೂರು ವರ್ಷ ವೈದ್ಯರಾಗಿ ಕೆಲಸ ಮಾಡಿದರು. ಎಲ್ಲಾ ಮುಗಿಯಿತು ಅಂದುಕೊಳ್ಳಬಹುದಿತ್ತು. 1859ರಲ್ಲಿ, 44ನೇ ವಯಸ್ಸಿನಲ್ಲಿ, ಜಪಾನ್‌ಗೆ ಹೋದರು. ಜಪಾನೀಯರು ಕ್ರೈಸ್ತರಾಗುವುದಕ್ಕೆ ಆಗ ನಿಷೇಧವಿತ್ತು, ನಿಷೇಧದ ಫಲಕಗಳನ್ನು ತೆಗೆದದ್ದು 1873ರಲ್ಲಿ. ಅಷ್ಟು ಕಾಲ ರೋಗಿಗಳನ್ನು ನೋಡುತ್ತಾ, ಭಾಷೆ ಕಲಿಯುತ್ತಾ ಇದ್ದರು. 1867ರಲ್ಲಿ ಜಪಾನೀಸ್-ಇಂಗ್ಲಿಷ್ ನಿಘಂಟು ಹೊರತಂದರು. ಬಾಗಿಲು ತೆರೆದಾಗ ಸತ್ಯವೇದದ ಭಾಷಾಂತರಕ್ಕೆ ಸಿದ್ಧರಿದ್ದರು. 33 ವರ್ಷ ಅಲ್ಲೇ ಸೇವೆ ಮಾಡಿದರು. ನಮಗೂ ಇಂಥವರು ಸಿಕ್ಕಿದ್ದರಲ್ಲ. 1853ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ.

ನಾನು ಸೋತು ಬಂದಾಗ ಹಿಂದಿನ ಸಾಲಿನಲ್ಲಿ ಕೂತು, ಕೊನೆಯ ಪ್ರಾರ್ಥನೆಗೆ ಮುಂಚೆ ಎದ್ದು ಹೋಗುತ್ತಿದ್ದೆ. ಒಂದು ದಿನ ಪಾಸ್ಟರ್ ಬಾಗಿಲ ಹತ್ತಿರ ಹಿಡಿದುಕೊಂಡರು. ಬೈಯ್ತಾರೆ ಅಂದುಕೊಂಡೆ. "ನಾಳೆಯಿಂದ ಬೇಗ ಬಾ. ಚೇರ್ ಹಾಕಲು ಜನ ಕಡಿಮೆ ಇದ್ದಾರೆ" ಅಂದರು, ಅಷ್ಟೇ. ಎರಡು ವರ್ಷ ಚೇರ್ ಹಾಕಿದೆ. ಆಮೇಲೆ ನೇಪಾಳಿ ಮಾತಾಡುವ ಸಹೋದರರ ಸಂಜೆ ಕೂಟಕ್ಕೆ ಚಹಾ ಮಾಡುವ ಕೆಲಸ. ಬೇರೆ ಭಾಷೆಯವರ ಮಧ್ಯೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದನ್ನು ಕಲಿತದ್ದು ಅಲ್ಲೇ. ಅದೇ ನನ್ನ ಅಂತಿಯೋಕ್ಯ.

ಈ ವಾರ ಮಾಡಬೇಕಾದದ್ದು

ಕರೆ ಇದೆ ಅಂತ ಅನ್ನಿಸುವವರು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಬನ್ನಿ:

1. ನನ್ನ ಕರೆಯನ್ನು ಪರೀಕ್ಷಿಸಿ "ಬೇಡ" ಅನ್ನುವ ಅಧಿಕಾರವನ್ನು ನಾನು ಯಾರಿಗೆ ಕೊಟ್ಟಿದ್ದೇನೆ?
2. ನಾನು ಒಂದು ದೇಶಕ್ಕೆ ಹೋಗುತ್ತಿದ್ದೇನಾ, ಅಥವಾ ಇಲ್ಲಿಂದ ಯಾವುದರಿಂದಲೋ ಓಡುತ್ತಿದ್ದೇನಾ? ಯೋನನೂ ಹಡಗು ಹತ್ತಿದ್ದನು.
3. ನನ್ನ ಸಾಲ ಎಷ್ಟು, ತೀರಲು ಎಷ್ಟು ತಿಂಗಳು?
4. ಆ ದೇಶದ ಭಾಷೆ ಮಾತಾಡುವ ಅಥವಾ ಬೇರೆ ಊರಿನಿಂದ ಬಂದ ಒಬ್ಬರನ್ನಾದರೂ ನಾನು ಈ ನಗರದಲ್ಲಿ ಹೆಸರಿನಿಂದ ಬಲ್ಲೆನಾ?

ಉತ್ತರ ಚೆನ್ನಾಗಿಲ್ಲದಿದ್ದರೆ ಕರೆ ಇಲ್ಲ ಅಂತ ಅರ್ಥವಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತು, ಅಷ್ಟೇ.

ಪ್ರಾರ್ಥಿಸೋಣ. ತಂದೆಯೇ, ಈ ಮಕ್ಕಳ ಎದೆಯಲ್ಲಿ ನೀನು ಹಚ್ಚಿದ ಬೆಂಕಿಗಾಗಿ ಸ್ತೋತ್ರ. ಅದು ಆರದಿರಲಿ, ಅವಸರದಲ್ಲಿ ಮನೆಯನ್ನೂ ಸುಡದಿರಲಿ. ಕಾಯುವವರಿಗೆ ತಾಳ್ಮೆ ಕೊಡು, ಹೋಗುವವರಿಗೆ ಸತ್ಯ ಕೊಡು, ಮನೆಯಲ್ಲಿ ಉಳಿಯುವ ತಾಯಂದಿರಿಗೆ ಸಮಾಧಾನ ಕೊಡು. ಸೋತು ಬಂದು ಹಿಂದಿನ ಸಾಲಿನಲ್ಲಿ ಕೂತಿರುವವರು ಇದ್ದರೆ, ಕರ್ತನೇ, ಅವರ ಕೈಗೆ ಒಂದು ಕೆಲಸ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಹೋಗುವ ಮುಂಚೆ ಎರಡು ಜನ ಇದ್ದು, ಚೇರ್ ತೆಗೆದಿಡಲು ನನಗೆ ಸಹಾಯ ಮಾಡಿ.